ಪುಟ, ಸಾಲು, ಪದ, ಅಕ್ಷರ: ವಿಮ್ ಎಡಿಟರಿಗೆ ಕನ್ನಡದ ಎಣಿಕೆ ಕಲಿಸಿದ್ದು

ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ತಂತ್ರಾಂಶದಿಂದ ಪಠ್ಯವಾಗಿಸಿ, ತಪ್ಪು ತಿದ್ದುವ ಕೆಲಸ ನಡೆಯುತ್ತಿದೆ. ಕರಡು ನೋಡುವವರು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು. ಫೈಲಿನಲ್ಲಿ ತಿದ್ದುವವನು ನಾನು. ಅವರು ಕಂಪ್ಯೂಟರ್ ಮುಟ್ಟುವುದಿಲ್ಲ. ನಾನು ಪ್ರಿಂಟ್ ಹಾಕಿಕೊಟ್ಟ ಹಾಳೆಗಳನ್ನು ಮೂಲ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಂಡು, ಕೆಂಪು ಶಾಯಿಯಲ್ಲಿ ಪಟ್ಟಿ ಬರೆದು ಕೊಡುತ್ತಾರೆ: ‘ಪುಟ ೩೭, ಸಾಲು ೧೨, ಪದ ೪, ಅಕ್ಷರ ೨. ಘ ಅಲ್ಲ, ಫ.’

ಎರಡನೆಯ ಪಟ್ಟಿ ಯಂತ್ರದ್ದು. ಪದಕೋಶದಲ್ಲಿ ಸಿಗದ ಪದಗಳನ್ನು ಹೆಕ್ಕುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಒಂದಿದೆ. ಅದು ‘1518:28’ ಎಂಬಂತೆ ಸಾಲು, ಕಾಲಮ್ (ಸಾಲಿನೊಳಗಿನ ಸ್ಥಾನ) ಎರಡನ್ನೂ ಹೇಳುತ್ತದೆ. ಆದರೆ ಈ ಎರಡು ಪಟ್ಟಿಗಳಲ್ಲಿ ಯಾವುದನ್ನು ಹಿಡಿದು ಹೊರಟರೂ ಕರ್ಸರ್ ಬೇಕಾದ ಜಾಗಕ್ಕೆ ಹೋಗುತ್ತಿರಲಿಲ್ಲ. ಮೇಷ್ಟ್ರ ಲೆಕ್ಕ ಪುಟದ್ದು. ವಿಮ್‌ಗೆ ಪುಟ ಎಂಬುದೇ ಗೊತ್ತಿಲ್ಲ. ಸ್ಕ್ರಿಪ್ಟ್ ಹೇಳಿದ ಸಾಲು ನಿಜವಾದ ಸಾಲಿಗಿಂತ ಎಷ್ಟೋ ಕೆಳಗಿರುತ್ತಿತ್ತು, ಪುಸ್ತಕ ಮುಂದುವರಿದಂತೆ ಅಂತರವೂ ಬೆಳೆಯುತ್ತಿತ್ತು. ಕಾಲಮ್ ಅಂತೂ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಹಾಗಾಗಿ ಕರ್ಸರ್ ಎಲ್ಲಿದೆ ಎಂದು ಪರದೆಯ ಕೆಳಗೆ ತೋರುವ ಒಂದು ಸ್ಥಿತಿಸಾಲನ್ನೂ ಒಂದು ಜಿಗಿತದ ಆಜ್ಞೆಯನ್ನೂ ಕಟ್ಟಿಕೊಂಡೆ. ಕೆಳಗಿನದು ಆ ಕೆಲಸದ ವಿವರ. ವಿಮ್ ಬಳಸದವರೂ ಎಣಿಕೆಯ ಭಾಗವನ್ನು ಓದಬಹುದು; ಕನ್ನಡ ಪಠ್ಯ ತೆರೆಯುವ ಯಾವ ಎಡಿಟರಿನಲ್ಲೂ ಈ ತೊಡಕು ಇದ್ದೇ ಇರುತ್ತದೆ.

ಸಾಲು

ಸಾಲಿಗೆ ಹೋಗುವುದರಲ್ಲಿ ಕಲಿಯುವುದು ಹೆಚ್ಚೇನಿಲ್ಲ. 1518 ಒತ್ತಿ ದೊಡ್ಡ ಜಿ ಒತ್ತಿದರೆ ಆ ಸಾಲು. :1518 ಎಂದು ಬರೆದು ಎಂಟರ್ ಒತ್ತಿದರೂ ಅದೇ. ಟರ್ಮಿನಲ್‌ನಲ್ಲಿ ಫೈಲ್ ತೆರೆಯುವಾಗಲೇ ಹೆಸರಿನ ಜೊತೆಗೆ +1518 ಸೇರಿಸಿದರೆ ನೇರವಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ. 50 ಒತ್ತಿ ಶೇಕಡಾ ಚಿಹ್ನೆ ಒತ್ತಿದರೆ ಫೈಲಿನ ನಟ್ಟನಡುವೆ. ಜಿಗಿದ ಮೇಲೆ ಹಿಂದಿದ್ದ ಜಾಗಕ್ಕೆ ಮರಳಲು ಒಂಟಿ ಉದ್ಧರಣ ಚಿಹ್ನೆಯನ್ನು ಎರಡು ಸಲ ಒತ್ತಿದರೆ ಸಾಕು.

ಕೋಲನ್‌ನ ಮುಂದೆ ಸಾಲಿನ ಸಂಖ್ಯೆ ಬರೆಯುವ ಈ ಪದ್ಧತಿಯ ಬೇರು 1969ರಲ್ಲಿದೆ. ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ‘ಇಡಿ’ ಎಡಿಟರ್ ಬರೆದಾಗ ಅವರ ಮುಂದೆ ಇದ್ದದ್ದು ಟೆಲಿಟೈಪ್ ಯಂತ್ರ. ಅದು ಕಾಗದದ ಮೇಲೆ ಸಾಲು ಸಾಲಾಗಿ ಅಚ್ಚು ಹಾಕುತ್ತಿತ್ತು. ಕರ್ಸರ್ ಓಡಾಡಲು ಪರದೆಯೇ ಇರಲಿಲ್ಲ. ಸಂಖ್ಯೆ ಬರೆದು ಎಂಟರ್ ಒತ್ತಿದರೆ ಆ ಸಾಲು ಅಚ್ಚಾಗುತ್ತಿತ್ತು. 1976ರಲ್ಲಿ ಬಿಲ್ ಜಾಯ್ ‘ವಿಐ’ ಕಟ್ಟುವಾಗ ಪರದೆ ಬಂದಿತ್ತು, ಆದರೂ ಹಳೆಯ ವಿಳಾಸ ಪದ್ಧತಿಯನ್ನು ಕೋಲನ್‌ನ ಮುಂದೆ ಉಳಿಸಿಕೊಂಡರು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್‌ಗೆ ಅದು ಹಾಗೆಯೇ ಬಂತು.

ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಸಾಲಿನ ಸಂಖ್ಯೆಯೇ ನಮ್ಮ ಫೈಲಿನಲ್ಲಿ ತಪ್ಪುತ್ತಿತ್ತು. ಕಾರಣ ಸಿಕ್ಕಿದ್ದು ಪುಟಗಳ ಕೂಡಿಕೆಯಲ್ಲಿ. ಟೆಸರಾಕ್ಟ್ ಪ್ರತಿ ಪುಟ ಮುಗಿದಾಗ ‘ಫಾರ್ಮ್ ಫೀಡ್’ ಎಂಬ ಕಾಣದ ಸಂಕೇತವೊಂದನ್ನು ಇಡುತ್ತದೆ. ಅದರ ಸಂಖ್ಯೆ 12. ಮುದ್ರಕಕ್ಕೆ ‘ಹೊಸ ಹಾಳೆ ತೆಗೆದುಕೋ’ ಎಂದು ಹೇಳಲು ಹುಟ್ಟಿದ ಸಂಕೇತ. ವಿಮ್‌ನಲ್ಲಿ ಅದು ಮುಂದಿನ ಪುಟದ ಮೊದಲ ಸಾಲಿನ ತಲೆಯಲ್ಲಿ ‘^ಎಲ್’ ಆಗಿ ಕಾಣುತ್ತದೆ. ವಿಮ್ ಅದನ್ನು ಸಾಲಿನೊಳಗಿನ ಒಂದು ಸಂಕೇತವೆಂದಷ್ಟೇ ಎಣಿಸುತ್ತದೆ. ಪಠ್ಯವನ್ನು ಸಾಲುಗಳಾಗಿ ಒಡೆಯುವ ಪೈಥಾನ್‌ನ ‘ಸ್ಪ್ಲಿಟ್‌ಲೈನ್ಸ್’ ಹಾಗಲ್ಲ: ಅದಕ್ಕೆ ಫಾರ್ಮ್ ಫೀಡ್ ಕೂಡ ಸಾಲಿನ ಕೊನೆಯೇ. ಹೀಗೆ ಪುಟಕ್ಕೊಂದು ಖಾಲಿ ಸಾಲು ಲೆಕ್ಕಕ್ಕೆ ಸೇರಿ, 37ನೇ ಪುಟಕ್ಕೆ ಬರುವ ಹೊತ್ತಿಗೆ 36 ಸಾಲು ಹೆಚ್ಚಾಗಿರುತ್ತದೆ. ಯೂನಿಕೋಡ್‌ನ ‘ಸಾಲು ವಿಭಾಜಕ’ ಎಂಬ ಇನ್ನೊಂದು ಸಂಕೇತವಿದೆ, ಸಂಖ್ಯೆ 8232. ಅದೂ ಇದೇ ರೀತಿ ಕೈಕೊಡುತ್ತದೆ. ಪರಿಹಾರ ಸುಲಭ. ಫೈಲನ್ನು ಪೈಥಾನ್‌ನಲ್ಲಿ ತೆರೆದು ನೇರವಾಗಿ ಸಾಲು ಸಾಲಾಗಿ ಓದಿದರೆ ಮಾಮೂಲಿ ಸಾಲುಮುರಿತದಲ್ಲಿ ಮಾತ್ರ ಒಡೆಯುತ್ತದೆ, ಫಾರ್ಮ್ ಫೀಡ್‌ನಲ್ಲಿ ಅಲ್ಲ. ಆ ಒಂದು ಬದಲಾವಣೆಗೆ ಎರಡೂ ಕಡೆಯ ಸಾಲಿನ ಸಂಖ್ಯೆ ತಾಳೆಯಾಯಿತು.

ಫಾರ್ಮ್ ಫೀಡನ್ನು ಫೈಲಿನಿಂದಲೇ ಅಳಿಸಿಬಿಡಬಹುದಿತ್ತು. ಬೇಡವೆನ್ನಿಸಿತು. ಪುಟ ಎಲ್ಲಿ ಮುರಿಯುತ್ತದೆ ಎಂಬುದಕ್ಕೆ ಫೈಲಿನೊಳಗೆ ಉಳಿದಿರುವ ಸಾಕ್ಷಿ ಅದೊಂದೇ, ಮೇಷ್ಟ್ರ ಪಟ್ಟಿಗೆ ಬೇಕಾದದ್ದೂ ಅದೇ.

ಕಾಲಮ್ ಎಂದರೆ ಯಾವ ಕಾಲಮ್?

ಪರೀಕ್ಷೆಗೆ ಒಂದು ಖಾಲಿ ಫೈಲಿನ ಮೊದಲ ಸಾಲಿನಲ್ಲಿ ‘ಕರ್ನಾಟಕ’ ಎಂದಷ್ಟೇ ಬರೆದು, ಕರ್ಸರನ್ನು ‘ಟ’ ಮೇಲೆ ನಿಲ್ಲಿಸಿ. ವಿಮ್‌ನ ಕೆಳಮೂಲೆಯಲ್ಲಿ ‘1,16-4’ ಎಂದು ಬರುತ್ತದೆ. 1 ಎಂಬುದು ಸಾಲು. 16 ಎಂಬುದು ಬೈಟ್: ಕನ್ನಡದ ಪ್ರತಿಯೊಂದು ಸಂಕೇತವೂ ಪಠ್ಯವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಹಿಡಿಯುತ್ತದೆ, ‘ಟ’ ಬರುವುದಕ್ಕೆ ಮೊದಲು ಕ, ರ, ಹಲಂತ, ನ, ದೀರ್ಘದ ಚಿಹ್ನೆ ಎಂದು ಐದು ಸಂಕೇತಗಳಿವೆ. ಹದಿನೈದು ಬೈಟ್ ಮುಗಿದು ಹದಿನಾರನೆಯದು ‘ಟ’. ಅಡ್ಡಗೆರೆಯ ನಂತರದ 4 ಎಂಬುದು ಪರದೆಯ ಮೇಲಿನ ಕಾಲಮ್. ವಿಮ್ ಹಲಂತವನ್ನೂ ಸ್ವರಚಿಹ್ನೆಯನ್ನೂ ಹಿಂದಿನ ವ್ಯಂಜನದ ಮನೆಯೊಳಗೇ ಕೂರಿಸುತ್ತದೆ. ಹೀಗಾಗಿ ಕ, ರ್, ನಾ ಮೂರು ಮನೆ; ‘ಟ’ ನಾಲ್ಕನೆಯದು.

ಇದೇ ‘ಟ’ ಎಲ್ಲಿದೆ ಎಂದು ಪೈಥಾನ್‌ ಅನ್ನು ಕೇಳಿದರೆ ಅದು ಕೋಡ್ ಪಾಯಿಂಟ್ (ಅಂದರೆ ಒಂದೊಂದು ಸಂಕೇತ) ಎಣಿಸಿ, ಒಂದರಿಂದ ಶುರುಮಾಡಿದರೆ, 6 ಎನ್ನುತ್ತದೆ. ಮೇಷ್ಟ್ರನ್ನು ಕೇಳಿದರೆ ಕ, ರ್ನಾ, ಟ: ಮೂರನೆಯ ಅಕ್ಷರ. ಒಂದೇ ಜಾಗಕ್ಕೆ 16, 6, 4, 3 ಎಂದು ನಾಲ್ಕು ವಿಳಾಸ, ನಾಲ್ಕೂ ಸರಿ. ಇಂಗ್ಲಿಷ್ ಪಠ್ಯದಲ್ಲಿ ನಾಲ್ಕೂ ಒಂದೇ ಆಗುವುದರಿಂದ ಎಡಿಟರ್ ಕಟ್ಟುವ ಎಷ್ಟೋ ಮಂದಿ ಇದರ ಗೊಡವೆಗೇ ಹೋಗುವುದಿಲ್ಲ.

ಸೊನ್ನೆಯಿಂದ ಎಣಿಸಬೇಕೇ, ಒಂದರಿಂದಲೇ ಎಂಬ ತಕರಾರು ಬೇರೆ. ಇಮ್ಯಾಕ್ಸ್ ತಾನಾಗಿ ಕಾಲಮ್ ಅನ್ನು ಸೊನ್ನೆಯಿಂದ ಎಣಿಸುತ್ತದೆ, ಸಾಲನ್ನು ಒಂದರಿಂದ. ಎಡಿಟರ್‌ಗಳೂ ಕೋಡಿನ ತಪ್ಪು ತೋರಿಸುವ ಭಾಷಾ ಸರ್ವರ್‌ಗಳೂ ಮಾತಾಡಿಕೊಳ್ಳುವ ಎಲ್‌ಎಸ್‌ಪಿ ಒಪ್ಪಂದದಲ್ಲಿ ಎರಡೂ ಸೊನ್ನೆಯಿಂದಲೇ. ಅಲ್ಲಿನ ಎಣಿಕೆ ಯುಟಿಎಫ್-16ರ ತುಣುಕುಗಳದು, ಬೇರೆ ಎಣಿಕೆ ಆರಿಸಿಕೊಳ್ಳುವ ಅವಕಾಶ ಬಂದದ್ದು 3.17ನೇ ಆವೃತ್ತಿಯಲ್ಲಿ. ಕನ್ನಡದ ಮಟ್ಟಿಗೆ ಯುಟಿಎಫ್-16ರ ತುಣುಕೂ ಕೋಡ್ ಪಾಯಿಂಟೂ ಒಂದೇ; ಸಾಲಿನಲ್ಲಿ ಇಮೋಜಿ ಬಂದರೆ ಮಾತ್ರ ದಾರಿ ಬೇರೆಯಾಗುತ್ತದೆ. ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ಜಿಸಿಸಿ ಕಂಪೈಲರ್ ಕೂಡ ತಪ್ಪಿನ ಜಾಗ ಹೇಳಲು ಬಹುಕಾಲ ಬೈಟ್ ಎಣಿಸುತ್ತಿತ್ತು. 2021ರ 11ನೇ ಆವೃತ್ತಿಯಿಂದ ಪರದೆಯ ಕಾಲಮ್ ಹೇಳಲು ಶುರುಮಾಡಿತು.

ನಾನು ಬಯಸಿದ್ದು ಮೇಷ್ಟ್ರ ಎಣಿಕೆ. ಅದಕ್ಕೆ ಸಿದ್ಧ ಸಾಮಗ್ರಿ ಇದೆಯೇ ಎಂದು ಮೊದಲು ನೋಡಿದ್ದು ಯೂನಿಕೋಡ್‌ನ ಗ್ರಾಫೀಮ್ ಗುಚ್ಛದ ನಿಯಮಗಳನ್ನು. ‘ಬಳಕೆದಾರ ಒಂದು ಅಕ್ಷರವೆಂದು ತಿಳಿಯುವುದು ಯಾವುದು’ ಎಂದು ಹೇಳುವುದೇ ಅವುಗಳ ಕೆಲಸ. ಒತ್ತಕ್ಷರವನ್ನು ಒಡೆಯದೆ ಹಿಡಿದಿಡುವ ನಿಯಮವೊಂದು 2023ರ 15.1 ಆವೃತ್ತಿಯಲ್ಲಿ ಬಂತು. ಆದರೆ ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಪಕ್ಕದ ಮನೆಯ ತೆಲುಗು ಇದೆ, ಕನ್ನಡ ಇಲ್ಲ! ಹಾಗಾಗಿ ಯೂನಿಕೋಡ್ ನಿಯಮಗಳಂತೆ ‘ಕರ್ನಾಟಕ’ ಎಂದರೆ ಕ, ರ್, ನಾ, ಟ, ಕ ಎಂದು ಐದು ಗುಚ್ಛ. ಅರ್ಕಾವತ್ತು ಪರದೆಯಲ್ಲಿ ‘ನಾ’ದ ಬಲಕ್ಕೆ ಕೂತಿದ್ದರೂ ಕರ್ಸರ್‌ಗೆ ಅದು ‘ನಾ’ಕ್ಕಿಂತ ಮೊದಲೇ ಸಿಗುತ್ತದೆ. ವಿಮ್‌ನಲ್ಲಿ ಅದರ ಮೇಲೆ ನಿಂತು ಎಕ್ಸ್ ಒತ್ತಿ ನೋಡಿ: ‘ರ್’ ಮಾತ್ರ ಹೋಗಿ ‘ಕನಾಟಕ’ ಉಳಿಯುತ್ತದೆ.

ಅಕ್ಷರ ಎಣಿಸುವ ನಿಯಮ

ಹಾಗಾಗಿ ನಿಯಮವನ್ನು ನಾನೇ ಬರೆದೆ. ಒಂದು ವ್ಯಂಜನ, ಅದರ ಬೆನ್ನಿಗೆ ನುಕ್ತಾ (ಕೆಳಗೆ ಇಡುವ ಚುಕ್ಕಿಗಳು) ಇದ್ದರೆ ಅದೂ. ಆಮೇಲೆ ಹಲಂತ ಮತ್ತು ವ್ಯಂಜನದ ಜೋಡಿ, ಎಷ್ಟು ಸಲ ಬಂದರೂ ಸರಿ. ಕೊನೆಗೆ ಒಂದು ಸ್ವರಚಿಹ್ನೆ ಅಥವಾ ಒಂಟಿ ಹಲಂತ. ಅದರ ಮೇಲೆ ಅನುಸ್ವಾರವೋ ವಿಸರ್ಗವೋ ಇದ್ದರೆ ಅದು. ಇಷ್ಟೂ ಸೇರಿ ಒಂದು ಅಕ್ಷರ. ಬಿಡಿ ಸ್ವರವಾದರೆ ಅದೂ ಅದರ ಅನುಸ್ವಾರವೂ ಒಂದು. ಪದದ ಕೊನೆಯ ‘ನ್’, ‘ರ್’ ಕೂಡ ಒಂದು ಅಕ್ಷರವೆಂದೇ ಲೆಕ್ಕ. ಛಂದಸ್ಸಿನವರು ಇದನ್ನು ಒಪ್ಪಲಾರರು, ಆದರೆ ಕಣ್ಣಿನಲ್ಲಿ ಎಣಿಸುವವರು ಹಾಗೆಯೇ ಎಣಿಸುತ್ತಾರೆ. ‘ಪ್ರೂಫ್ ನೋಡುವಾಗ ಮಾತ್ರೆ ಯಾರು ಎಣಿಸುತ್ತಾರಪ್ಪಾ’ ಎಂದು ಮೇಷ್ಟ್ರೂ ಅದನ್ನೇ ಹೇಳಿದರು.

ಪರೀಕ್ಷೆಗೆ ಆರಿಸಿಕೊಂಡದ್ದು ತಂಟೆ ಮಾಡುವ ಪದಗಳನ್ನೇ. ‘ಸ್ತ್ರೀ’: ಕೋಡ್ ಪಾಯಿಂಟ್ 6, ಬೈಟ್ 18, ಅಕ್ಷರ ಒಂದೇ ಒಂದು. ‘ರಾಷ್ಟ್ರ’: 7, 21, ಅಕ್ಷರ 2. ‘ಬೆಂಗಳೂರು’: 8, 24, ಅಕ್ಷರ 4. ಇವೆಲ್ಲ ತಕರಾರಿಲ್ಲದೆ ಬಂದವು.

‘ಮದ್ರಾಸ್‌ನಲ್ಲಿ’ ಬರಲಿಲ್ಲ. ನೋಡಿದರೆ ಮ, ದ್ರಾ, ಸ್, ನ, ಲ್ಲಿ ಎಂದು ಐದು. ‘ಸ್’ ಮತ್ತು ‘ನ’ ನಡುವೆ, ಅವೆರಡೂ ಸೇರಿ ‘ಸ್ನ’ ಆಗದಿರಲೆಂದು, ಶೂನ್ಯ ಅಗಲದ ಬೇರ್ಪಡಕ ಕೂತಿದೆ. ಕಣ್ಣಿಗೆ ಕಾಣುವುದಿಲ್ಲ, ಮೂರು ಬೈಟ್ ಮಾತ್ರ ಹಿಡಿಯುತ್ತದೆ. ವಿಮ್‌ನಲ್ಲಿ ಜಿ ಮತ್ತು 8 ಒತ್ತಿದರೆ ಕರ್ಸರಿನ ಕೆಳಗಿನ ಬೈಟ್‌ಗಳು, ಜಿ ಮತ್ತು ಎ ಒತ್ತಿದರೆ ಸಂಕೇತದ ಸಂಖ್ಯೆ ತೋರುತ್ತದೆ. ಅಲ್ಲಿ 8204 ಕಂಡರೆ ಇದೇ ಎಂದರ್ಥ. ಎಣಿಕೆಯ ನಿಯಮ ಅದನ್ನು ಎಲ್ಲಿಗೂ ಸೇರದ ಬಿಡಿ ತುಣುಕೆಂದು ಆರನೆಯದಾಗಿ ಎಣಿಸುತ್ತಿತ್ತು. ಹಿಂದಿನ ಅಕ್ಷರದ ಬಾಲಕ್ಕೆ ಅದನ್ನು ಕಟ್ಟಿ, ಅಲ್ಲಿಗೇ ಆ ಅಕ್ಷರವನ್ನು ಮುಗಿಸಿದ ಮೇಲೆ ಐದಾಯಿತು. ‘ರ‍್ಯಾಂಕ್’ನಲ್ಲಿ ಇದರ ತದ್ವಿರುದ್ಧ: ಅರ್ಕಾವತ್ತು ಆಗದಿರಲೆಂದು ‘ರ’ ಮತ್ತು ಹಲಂತದ ನಡುವೆ ಜೋಡಕ ಇರುತ್ತದೆ, ಸಂಖ್ಯೆ 8205. ವ್ಯಂಜನಕ್ಕೂ ಹಲಂತಕ್ಕೂ ನಡುವೆ ಅದು ಬರಬಹುದೆಂದು ನಿಯಮಕ್ಕೆ ಹೇಳಿಕೊಟ್ಟದ್ದಕ್ಕೆ ಅಕ್ಷರ 2 ಎಂದು ಬಂತು.

ಇನ್ನೊಂದು ಬಲೆ ಸ್ವರಚಿಹ್ನೆಗಳದು. ೀ, ೇ, ೈ, ೊ, ೋ ಈ ಐದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ‘ಕೋ’ ಕೂಡಿದ ರೂಪದಲ್ಲಿ ಎರಡು ಕೋಡ್ ಪಾಯಿಂಟ್, ಬಿಡಿಸಿದರೆ ನಾಲ್ಕು. ಅಂದವಾಗಿ ಮೂಡಿದ ಪಠ್ಯದಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ವಿಮ್ ಮಾತ್ರ ಒಂದು ಮನೆಯಲ್ಲಿ ಎರಡು ಕೂಡುಚಿಹ್ನೆಗಳನ್ನಷ್ಟೇ ತೋರಿಸುವ ಮಿತಿಯೊಂದಿಗೆ ಬರುತ್ತದೆ, ಹಾಗಾಗಿ ಬಿಡಿಸಿದ ‘ಕೋ’ ಅಲ್ಲಿ ‘ಕೊ’ ಆಗಿ ಕಂಡೀತು. ‘ಮ್ಯಾಕ್ಸ್‌ಕಂಬೈನ್’ ಆಯ್ಕೆಯಿಂದ ಈ ಮಿತಿಯನ್ನು ಆರರವರೆಗೆ ಏರಿಸಬಹುದು. ನಾನು ಫೈಲನ್ನೇ ಒಮ್ಮೆ ಇಂಥ ಚಿಹ್ನೆಗಳೆಲ್ಲ ಕೂಡಿರುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟೆ. ಎಣಿಕೆಗೆ ಮೊದಲು ಮಾಡಬೇಕಾದ ಕೆಲಸ ಇದು. ಎಣಿಸಿ ಆದಮೇಲೆ ಮಾಡಿದರೆ ಕೋಡ್ ಪಾಯಿಂಟ್, ಬೈಟ್ ಎರಡರ ಪಟ್ಟಿಯೂ ದಂಡ.

ಸ್ಥಿತಿಸಾಲು

ವಿಮ್‌ನ ಸ್ಥಿತಿಸಾಲಿನಲ್ಲಿ ಶೇಕಡಾ ಚಿಹ್ನೆಯ ಮುಂದೆ ಎಲ್ ಇಟ್ಟರೆ ಸಾಲು, ಸಿ ಇಟ್ಟರೆ ಬೈಟ್ ಕಾಲಮ್, ವಿ ಇಟ್ಟರೆ ಪರದೆಯ ಕಾಲಮ್ ಸಿಗುತ್ತದೆ. ಅಕ್ಷರಕ್ಕೆ ಅಂಥ ಗುರುತು ಇಲ್ಲವಾದ್ದರಿಂದ ಅಲ್ಲಿ ನನ್ನ ಫಂಕ್ಷನ್ ಕರೆಸಿದೆ. ಈಗ ಕಾಣುವುದು ಹೀಗೆ:

ಪುಟ 37 | ಸಾಲು 12 (1482) | ಪದ 4 | ಅಕ್ಷರ 2 | ಬೈಟ್ 58

ಕಂಸದೊಳಗಿನದು ಇಡೀ ಫೈಲಿನ ಸಾಲು, ಹೊರಗಿನದು ಪುಟದೊಳಗಿನ ಸಾಲು. ಪುಟ ತಿಳಿಯಲು ಕರ್ಸರಿನವರೆಗಿನ ಫಾರ್ಮ್ ಫೀಡ್‌ಗಳನ್ನು ಎಣಿಸಬೇಕು. ಪುಟದೊಳಗಿನ ಸಾಲು ಎಣಿಸುವಾಗ ಖಾಲಿ ಸಾಲುಗಳನ್ನು ಬಿಡಬೇಕು, ಏಕೆಂದರೆ ಟೆಸರಾಕ್ಟ್ ಪ್ಯಾರಾಗಳ ನಡುವೆ ಖಾಲಿ ಸಾಲು ಹಾಕುತ್ತದೆ, ಅಚ್ಚಿನ ಪುಟದಲ್ಲಿ ಅದು ಸಾಲೇ ಅಲ್ಲ. ಪುಟದ ನೆತ್ತಿಯ ಮೇಲಿನ ಶೀರ್ಷಿಕೆಯನ್ನೂ ಮೇಷ್ಟ್ರು ಎಣಿಸುವುದಿಲ್ಲ. ಮೊದಲ ಸಾಲಿನ ತಲೆಯಲ್ಲಿರುವ ಫಾರ್ಮ್ ಫೀಡನ್ನು ಅಕ್ಷರವಾಗಿ ಎಣಿಸದಂತೆಯೂ ನೋಡಿಕೊಳ್ಳಬೇಕಾಯಿತು. ಮುನ್ನುಡಿ, ಅರಿಕೆಗಳಿಂದಾಗಿ ಸ್ಕ್ಯಾನ್‌ನ ಪುಟಕ್ಕೂ ಅಚ್ಚಿನ ಪುಟಸಂಖ್ಯೆಗೂ ಇರುವ ಅಂತರವನ್ನು ಒಂದು ಕಡೆ ಬರೆದಿಟ್ಟು ಕಳೆದರೆ ಆಯಿತು.

ಸ್ಥಿತಿಸಾಲಿನ ಫಂಕ್ಷನ್ ಪರದೆ ಬದಲಾದಾಗಲೆಲ್ಲ ಓಡುತ್ತದೆ. ಪುಟ ಎಣಿಸುವ ಕೆಲಸವನ್ನೂ ಅದರ ಮೇಲೆ ಹೇರಿದರೆ ಪುಸ್ತಕದ ಕೊನೆಯಲ್ಲಿ ಟೈಪಿಂಗ್ ಎಳೆದಾಡತೊಡಗುತ್ತದೆ. ಕರ್ಸರ್ ಸ್ವಲ್ಪ ಹೊತ್ತು ಸುಮ್ಮನೆ ನಿಂತಾಗ ವಿಮ್ ‘ಕರ್ಸರ್‌ಹೋಲ್ಡ್’ ಎಂಬ ಸೂಚನೆ ಕೊಡುತ್ತದೆ. ಲೆಕ್ಕವನ್ನೆಲ್ಲ ಅಲ್ಲಿಗೆ ಸಾಗಿಸಿ, ಸ್ಥಿತಿಸಾಲು ಉತ್ತರವನ್ನು ಮಾತ್ರ ಓದುವಂತೆ ಮಾಡಿದೆ. ಆ ‘ಸ್ವಲ್ಪ ಹೊತ್ತು’ ಮೂಲದಲ್ಲಿ 4000 ಮಿಲಿಸೆಕೆಂಡ್. 300ಕ್ಕೆ ಇಳಿಸಿದೆ.

ಜಿಗಿತ

ಆಜ್ಞೆಯ ಹೆಸರು ‘ಜಿಗಿ’. ವಿಮ್ ಇಂಗ್ಲಿಷ್ ಅಕ್ಷರಗಳ ಹೆಸರನ್ನೇ ಕೇಳುತ್ತದೆ, ಅದರಲ್ಲೂ ಮೊದಲಕ್ಷರ ದೊಡ್ಡದೇ ಆಗಬೇಕು. ಅದರ ಮುಂದೆ 37.12.4.2 ಎಂದು ಬರೆದರೆ ಪುಟ, ಸಾಲು, ಪದ, ಅಕ್ಷರ. ಎರಡೇ ಅಂಕಿ ಕೊಟ್ಟರೆ ಪುಟದ ಆ ಸಾಲಿನ ಮೊದಲಿಗೆ.

ಪದವನ್ನು ಲೆಕ್ಕಕ್ಕೆ ತಂದದ್ದು ಮೇಷ್ಟ್ರ ಅಭ್ಯಾಸದಿಂದ. ಸಾಲಿನ 31ನೇ ಅಕ್ಷರ ಎಂದು ಬೆರಳಿಟ್ಟು ಎಣಿಸುವುದು ಮನುಷ್ಯರ ಕೆಲಸವಲ್ಲ. ನಾಲ್ಕನೇ ಪದದ ಎರಡನೇ ಅಕ್ಷರ ಎನ್ನುವುದು ಕಣ್ಣಳತೆಯಲ್ಲೇ ಸಿಗುತ್ತದೆ. ಪದ ಎಂದರೆ ಎರಡು ಖಾಲಿ ಜಾಗಗಳ ನಡುವಿನದು, ಅಷ್ಟೇ. ವಿಮ್‌ನ ಸಣ್ಣ ಡಬ್ಲ್ಯೂ ಚಲನೆಯನ್ನು ನಂಬಿದರೆ ‘ಮದ್ರಾಸ್‌ನಲ್ಲಿ’ಯ ಬೇರ್ಪಡಕದಲ್ಲೇ ಪದ ತುಂಡಾಗುತ್ತದೆ. ದೊಡ್ಡ ಡಬ್ಲ್ಯೂ ಖಾಲಿ ಜಾಗವನ್ನು ಮಾತ್ರ ನೋಡುತ್ತದೆ. ಪದದ ಮೊದಲಿಗೆ ಅಂಟಿಕೊಂಡಿರುವ ಉದ್ಧರಣ ಚಿಹ್ನೆ, ಆವರಣಗಳನ್ನು ಅಕ್ಷರದ ಎಣಿಕೆಯಿಂದ ಬಿಟ್ಟೆ.

ಒಳಗೆ ನಡೆಯುವುದು ಇಷ್ಟು: ಪುಟದ ಫಾರ್ಮ್ ಫೀಡ್ ಹುಡುಕಿ, ಖಾಲಿಯಲ್ಲದ ಸಾಲುಗಳನ್ನು ಎಣಿಸಿ, ಪದ ಹಿಡಿದು, ಅಕ್ಷರದ ಮೊದಲ ಸಂಕೇತ ಸಾಲಿನ ಎಷ್ಟನೇ ಬೈಟ್ ಎಂದು ಕಂಡುಕೊಂಡು, ಕೊನೆಗೆ ಕರ್ಸರನ್ನು ಆ ಸಾಲು, ಆ ಬೈಟ್‌ಗೆ ಕಳಿಸುವುದು. ವಿಮ್‌ನ ಕರ್ಸರ್ ಫಂಕ್ಷನ್ ಕೇಳುವುದು ಬೈಟ್ ಲೆಕ್ಕವನ್ನೇ. ಹೊರಟದ್ದು ಅಕ್ಷರದಿಂದ, ತಲುಪುವುದು ಬೈಟ್‌ಗೆ. ನಡುವೆ ಕೋಡ್ ಪಾಯಿಂಟ್‌ನ ಹಂಗು ಬೇಕಾಗಲಿಲ್ಲ.

ಮೇಷ್ಟ್ರ ಪಟ್ಟಿಯಲ್ಲಿ ಕನ್ನಡ ಅಂಕಿಗಳೇ ಇರುತ್ತವೆ. ಪಟ್ಟಿಯನ್ನು ನಾನು ಟೈಪ್ ಮಾಡಿಕೊಳ್ಳುವಾಗ ಹಾಗೆಯೇ ಉಳಿಸುತ್ತೇನೆ. ಪೈಥಾನ್ ಇಲ್ಲಿ ಉದಾರಿ: ‘೪೧೨’ ಕೊಟ್ಟರೆ ಸಂಖ್ಯೆ 412 ಎಂದೇ ತಿಳಿಯುತ್ತದೆ. ವಿಮ್‌ಗೆ ಅದು ತಿಳಿಯದು. ಹತ್ತು ಅಂಕಿಗಳನ್ನು ಒಂದಕ್ಕೊಂದು ಬದಲಿಸುವ ಒಂದು ಸಾಲು ಸೇರಿಸಬೇಕಾಯಿತು.

ಕೆಳಗಿನಿಂದ ಮೇಲಕ್ಕೆ

ಒಂದು ಸಾಲನ್ನು ಒಡೆದು ಎರಡು ಮಾಡಿದ ಕೂಡಲೇ ಅದರ ಕೆಳಗಿನ ಎಲ್ಲ ಸಾಲಿನ ಸಂಖ್ಯೆಗಳೂ ಸುಳ್ಳಾಗುತ್ತವೆ. ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ತಿದ್ದುತ್ತ ಬರುವುದು ಇದಕ್ಕೆ ಹಳೆಯ, ಪಕ್ಕಾ ಉಪಾಯ. ಮೇಲಿನ ಸಾಲುಗಳು ಅಲುಗುವುದಿಲ್ಲ. ಸ್ಕ್ರಿಪ್ಟಿನ ಪಟ್ಟಿಗೆ ವಿಮ್‌ನ ‘ಕ್ವಿಕ್‌ಫಿಕ್ಸ್’ ಇನ್ನೂ ಚೆನ್ನ. ಕಂಪೈಲರ್‌ನ ತಪ್ಪುಗಳನ್ನು ಒಂದೊಂದಾಗಿ ನೋಡಲು ಇರುವ ಆ ಸೌಲಭ್ಯಕ್ಕೆ ನಮ್ಮ ಪಟ್ಟಿಯನ್ನು ‘ಫೈಲ್:ಸಾಲು:ಕಾಲಮ್:ಪದ’ ಎಂದು ಉಣಿಸಿದರೆ ಸಾಕು, ಒಂದು ಆಜ್ಞೆಗೆ ಮುಂದಿನ ತಪ್ಪು ಕರ್ಸರಿನ ಕೆಳಗೆ ಬರುತ್ತದೆ. ತೆರೆದಿರುವ ಫೈಲಿನಲ್ಲಿ ಸಾಲು ಸೇರಿದರೆ, ಅಳಿದರೆ ಪಟ್ಟಿಯ ಸಾಲುಸಂಖ್ಯೆಗಳನ್ನು ತಾನೇ ಸರಿಸಿಕೊಳ್ಳುತ್ತದೆ. ಅಲ್ಲಿನ ಕಾಲಮ್ ಬೈಟ್‌ನದು, ಆದ್ದರಿಂದ ಸ್ಕ್ರಿಪ್ಟ್ ಈಗ ಬೈಟ್ ಕಾಲಮ್ ಬರೆಯುತ್ತದೆ. ಆದರೆ ಒಂದೇ ಸಾಲಿನೊಳಗೆ ಎರಡು ತಪ್ಪಿದ್ದು ಎಡಗಡೆಯದನ್ನು ಮೊದಲು ತಿದ್ದಿದರೆ ಬಲಗಡೆಯ ಕಾಲಮ್ ಜರುಗುತ್ತದೆ; ಅದನ್ನು ಕ್ವಿಕ್‌ಫಿಕ್ಸ್ ಸರಿಸುವುದಿಲ್ಲ. ‘ಘ’ ತೆಗೆದು ‘ಫ’ ಹಾಕಿದರೆ ಚಿಂತೆಯಿಲ್ಲ, ಬೈಟ್ ಅಷ್ಟೇ ಇರುತ್ತದೆ. ಬಿಟ್ಟುಹೋದ ಒತ್ತು ಸೇರಿಸಿದರೆ ಮಾತ್ರ ಆರು ಬೈಟ್ ಆಚೆಗೆ. ಸಾಲುಗಳನ್ನು ಮೇಲಿನಿಂದ ಕೆಳಕ್ಕೂ ಒಂದೇ ಸಾಲಿನ ತಪ್ಪುಗಳನ್ನು ಬಲದಿಂದ ಎಡಕ್ಕೂ ಜೋಡಿಸಿ ಪಟ್ಟಿ ಕೊಡುವಂತೆ ಸ್ಕ್ರಿಪ್ಟಿಗೆ ಹೇಳಿದ ಮೇಲೆ ಆ ಕಿರಿಕಿರಿಯೂ ತಪ್ಪಿತು.

ವಿಮ್‌ನಲ್ಲಿ ಕನ್ನಡ ನೋಡಲು ಅಂದವಾಗಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಕಳಚಿಕೊಂಡು ನಿಲ್ಲುತ್ತವೆ. ಓದಿ ಆನಂದಿಸಲು ಅದು ತಕ್ಕ ಜಾಗವಲ್ಲ. ವಿಳಾಸ ಹಿಡಿದು ಹೋಗಿ, ತಿದ್ದಿ, ಮುಂದಿನ ವಿಳಾಸಕ್ಕೆ ಹೊರಡುವ ಕೆಲಸಕ್ಕೆ ಮಾತ್ರ ಇದಕ್ಕಿಂತ ಚುರುಕಾದದ್ದನ್ನು ನಾನು ಬಳಸಿಲ್ಲ.

ಪುಸ್ತಕದ ಕೊನೆಯ ಭಾಗದಲ್ಲಿ ಷಟ್ಪದಿಗಳಿವೆ, ಪುಟಕ್ಕೆ ಎರಡು ಅಂಕಣದಂತೆ. ಅಲ್ಲಿ ಪುಟದ ಸಾಲು ಎಣಿಸುವ ಲೆಕ್ಕ ನಡೆಯುವುದಿಲ್ಲ. ಮೇಷ್ಟ್ರ ಪಟ್ಟಿಯೂ ‘ಪದ್ಯ ೧೪, ಪಾದ ೩’ ಎಂದು ಬದಲಾಗಿದೆ. ಪದ್ಯದ ಕೊನೆಯಲ್ಲಿ ಜೋಡಿಗೆರೆಗಳ ನಡುವೆ ಅಚ್ಚಾಗಿರುವ ಸಂಖ್ಯೆಯನ್ನೇ ಹಿಡಿಕೆಯಾಗಿ ಬಳಸಬೇಕೆಂದಿದ್ದೇನೆ. ಟೆಸರಾಕ್ಟ್ ಆ ಜೋಡಿಗೆರೆಯನ್ನು ಕೆಲವು ಕಡೆ 11 ಎಂದು ಓದಿದೆ, ಮೊದಲು ಅದನ್ನು ಸರಿಪಡಿಸಬೇಕು.